ಬರಿಗಾಲಲ್ಲಿ ಯಳಂದೂರಿಗೆ

ಡ್ರಿಲ್ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ನಿಮ್ಮಂಥ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಈಗ ನಿಮ್ಮನ್ನು ದೈಹಿಕ ಶಿಕ್ಷಕಿ ಎಂದು ಗೌರವವಾಗಿ ಕರೆಯುತ್ತಾರಂತೆ. ನಮ್ಮ ಕಾಲದಲ್ಲಿ ಕೊಳ್ಳೇಗಾಲಕ್ಕೆ ಕೊಳ್ಳೇಗಾಲವೇ ನನ್ನನ್ನು ಡ್ರಿಲ್ಲಮ್ಮ ಅನ್ನುತ್ತಿತ್ತು. ಬಂದವರು ಕಾಫಿ ಕುಡಿದು ಲೋಟ ಕೆಳಗಿಡುವುದರೊಳಗೆ ಅದೇ ಮಾತು ತೆಗೆಯುತ್ತಾರೆ: ಶಾಲೆಯಲ್ಲಿ ಸಾಮಾನಿಲ್ಲ, ಮಕ್ಕಳ ಕಾಲಿಗೆ ಬೂಟಿಲ್ಲ, ಹೇಗೆ ಓಡಿಸೋದು ಟೀಚರ್?

ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ನನಗೆ ಬರುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಬೇಕಾದದ್ದನ್ನು ನೀವೇ ಆರಿಸಿಕೊಳ್ಳಿ. ನಾನು ಯಾವ ವರ್ಷ ಯಾವ ಗ್ರೇಡಿಗೆ ಏರಿದೆ ಅನ್ನುವುದು ಪೆನ್ಷನ್ ಆಫೀಸಿನವರಿಗೆ ಗೊತ್ತಿದ್ದರೆ ಸಾಕು, ಅದನ್ನು ಇಲ್ಲಿ ಬರೆಯುವುದಿಲ್ಲ.

ನನಗೆ ಕೆಲಸ ಸಿಕ್ಕಿದ್ದು ಯುದ್ಧದ ಕಾಲದಲ್ಲಿ. ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ನಮ್ಮ ಜಿಲ್ಲೆ ಕೊಯಮತ್ತೂರು. ಹತ್ತು ಮೈಲಿ ಆಚೆಯ ಯಳಂದೂರು ಮೈಸೂರು ಸೀಮೆ. ನನ್ನ ತಂದೆ ಸತ್ಯಮಂಗಲದಲ್ಲಿ ಗುಮಾಸ್ತರಾಗಿದ್ದರು. ಹಟ ಹಿಡಿದು ಮದ್ರಾಸಿಗೆ ಹೋಗಿ ಡ್ರಿಲ್ ಟ್ರೈನಿಂಗ್ ಮುಗಿಸಿ ಬಂದ ನನ್ನನ್ನು ಕೊಳ್ಳೇಗಾಲದ ಹುಡುಗಿಯರ ಶಾಲೆಗೆ ಹಾಕಿದರು. ಕುತ್ತಿಗೆಯಲ್ಲಿ ವಿಶಲ್, ಕಾಲಲ್ಲಿ ಬಿಳೀ ಕ್ಯಾನ್ವಾಸ್ ಬೂಟು. ಸೀರೆಯ ಕೆಳಗೆ ಬೂಟು ಹಾಕಿದ ಹೆಂಗಸನ್ನು ಆ ಊರು ಅಲ್ಲಿಯವರೆಗೆ ನೋಡಿರಲಿಲ್ಲ. ನಾನು ಬಜಾರಿನಲ್ಲಿ ನಡೆದರೆ ರೇಷ್ಮೆ ಅಂಗಡಿಯವರು ತಕ್ಕಡಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನೋಡುತ್ತಿದ್ದರು.

ಶಾಲೆಯ ಹೆಡ್‌ಮಿಸ್ಟ್ರೆಸ್ ಸುಂದರಮ್ಮನವರು. ಐವತ್ತು ದಾಟಿದವರು, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ಅಣ್ಣನ ಮನೆಯಲ್ಲಿದ್ದುಕೊಂಡು ಓದಿ ಮೇಲೆ ಬಂದವರು. ನಕ್ಕರೆ ಕೆಲಸ ಕೆಡುತ್ತದೆ ಎಂದು ನಂಬಿದವರ ಹಾಗೆ ಇರುತ್ತಿದ್ದರು. ಮೊದಲ ದಿನ ಅವರು ನನ್ನ ಮುಖ ನೋಡುವ ಮೊದಲು ಕಾಲು ನೋಡಿದರು.

"ಇದು ಗಂಡಸರ ಬೂಟಲ್ಲವಾ?"

"ಹೆಂಗಸರದೂ ಹೀಗೇ ಇರುತ್ತೆ ಅಮ್ಮ."

"ಸರಿ. ನಮ್ಮ ಹುಡುಗಿಯರಿಗೆ ಕೈಯೆತ್ತೋದು, ಬಗ್ಗೋದು, ಏಳೋದು ಕಲಿಸಿ. ಸಾಕು. ಓಡಾಟ ಗೀಡಾಟ ಬೇಡ. ನಾಳೆ ಅವರ ಅಮ್ಮಂದಿರು ಬಂದು ನನ್ನ ಮುಂದೆ ನಿಲ್ತಾರೆ."

ಆರು ತಿಂಗಳು ನಾನು ಅದನ್ನೇ ಮಾಡಿದೆ. ಒಂದು, ಎರಡು, ಮೂರು, ನಾಲ್ಕು ಎಂದು ಕೂಗುವುದು, ಹುಡುಗಿಯರು ಆಕಳಿಸುತ್ತ ಕೈಯೆತ್ತುವುದು. ಓಡುವ ಆಸೆ ನನ್ನ ಕಾಲಿಗಿತ್ತು. ಶಾಲೆ ಬಿಟ್ಟ ಮೇಲೆ ಮೈದಾನದ ಗಟ್ಟಿ ಜಲ್ಲಿ ನೆಲದಲ್ಲಿ ಒಬ್ಬಳೇ ಬೂಟು ಹಾಕಿಕೊಂಡು ಓಡುತ್ತಿದ್ದೆ. ಟ್ರೈನಿಂಗಿನಲ್ಲಿ ಹೇಳಿಕೊಟ್ಟ ಹಾಗೆ ಉದ್ದುದ್ದ ಹೆಜ್ಜೆ ಹಾಕಿ, ಹಿಮ್ಮಡಿ ಮೊದಲು ಊರಿ. ಕೆಲವೇ ವಾರದಲ್ಲಿ ಮೊಣಕಾಲ ಕೆಳಗಿನ ಎಲುಬು ನೋಯತೊಡಗಿತು. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಮುಖ ಹಿಂಡುತ್ತಿತ್ತು. ಬೂಟು ಹಳತಾಯಿತು, ಹೊಸದು ಬಂದರೆ ಸರಿಹೋಗುತ್ತದೆ ಅಂದುಕೊಂಡೆ. ಯುದ್ಧದ ಕಾಲ, ರಬ್ಬರು ಸಾಮಾನು ಕಣ್ಣಿಗೆ ಕಾಣುತ್ತಿರಲಿಲ್ಲ.

ಆ ಬೂಟಿನ ಆಯುಷ್ಯ ಮುಗಿದದ್ದು ಊರಿನ ಎದುರಿಗೇ. ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ಓಡಿ ಬಂದು ಹಗ್ಗ ಹಾರಿ ತೋರಿಸಬೇಕಿತ್ತು. ಮುಂದಿನ ಸಾಲಿನಲ್ಲಿ ಊರಿನ ದೊಡ್ಡ ಮನುಷ್ಯರು, ಪಕ್ಕದಲ್ಲಿ ಬಿಗಿದುಕೊಂಡು ಕೂತ ಸುಂದರಮ್ಮನವರು. ಓಟ ಶುರುಮಾಡಿದೆನೋ ಇಲ್ಲವೋ, ಬಲಗಾಲಿನ ಬೂಟಿನ ತಳ ಮುಂದುಗಡೆಯಿಂದ ಕಿತ್ತುಕೊಂಡು ನಾಯಿಯ ನಾಲಿಗೆಯ ಹಾಗೆ ಜೋತುಬಿತ್ತು. ಪಟ್, ಪಟ್, ಪಟ್ ಎಂದು ಸದ್ದು ಮಾಡುತ್ತ ಓಡಿ ಹಗ್ಗದ ತನಕ ಬಂದೆ, ಹಾರಿದೆ, ತಳ ಹಗ್ಗಕ್ಕೆ ಸಿಕ್ಕಿಕೊಂಡಿತು. ಅತಿಥಿಗಳಿಗೆ ಹಾಕಲು ತಂದಿಟ್ಟಿದ್ದ ಹಾರದ ತಟ್ಟೆಯ ಮೇಲೆಯೇ ಹೋಗಿ ಬಿದ್ದೆ. ಹುಡುಗಿಯರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಆವತ್ತೇ ಕೇಳಿದ್ದು. ಎದ್ದು ನಿಂತು ನಾನೂ ನಕ್ಕೆ. ಇನ್ನೇನು ಮಾಡುವುದು?

ಹೀಗೆ ಬೂಟಿಲ್ಲದವಳಾದೆ. ಮಾರನೆಯ ದಿನ ಬೆಳಿಗ್ಗೆ ಕೆರೆ ಏರಿಗೆ ಹೋಗಿ ಬರಿಗಾಲಲ್ಲಿ ಓಡಿದೆ. ತಂಪು ದೂಳು, ಇಬ್ಬನಿ ಬಿದ್ದ ಹುಲ್ಲು, ಕಾಲಿಗೆ ಎಷ್ಟು ಹಿತವಾಯಿತೆಂದರೆ ಏರಿಯ ತುದಿ ಮುಟ್ಟಿ ಬಂದು ಮತ್ತೆ ಹೋದೆ, ಮತ್ತೆ ಬಂದೆ. ಅದು ತಪ್ಪಾಯಿತು. ಮಾರನೆಯ ದಿನ ಮೀನಖಂಡ ಕಲ್ಲಾಗಿತ್ತು. ಶಾಲೆಯ ಮೆಟ್ಟಿಲನ್ನು ಏಡಿಯ ಹಾಗೆ ಪಕ್ಕಕ್ಕೆ ತಿರುಗಿ ಇಳಿದೆ. ನೀವು ಶುರುಮಾಡುವಾಗ ಈ ಕೆಲಸ ಮಾಡಬೇಡಿ. ಮೊದಲ ವಾರ ನಡೆಯಿರಿ, ಆಮೇಲೆ ನಾಲ್ಕು ಹೆಜ್ಜೆ ಓಡಿ. ಬೂಟಿನೊಳಗೆ ಇಷ್ಟು ವರ್ಷ ಮಲಗಿದ್ದ ಕಾಲು ನಿಧಾನವಾಗಿ ಏಳಬೇಕು.

ಆ ಹೊತ್ತಿಗೆ ನನ್ನ ಕಣ್ಣಿಗೆ ಬಿದ್ದವಳು ಮಾದೇವಿ. ಹನ್ನೆರಡು ವರ್ಷದ ಹುಡುಗಿ, ಹನೂರಿನ ಆಚೆ ಅಜ್ಜೀಪುರದವಳು, ಕೊಳ್ಳೇಗಾಲದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಸೀಮೆಸುಣ್ಣ ತಾ ಎಂದು ಕಳಿಸಿ ನಾನು ಬೋರ್ಡು ಒರೆಸಿ ತಿರುಗುವುದರೊಳಗೆ ತಂದು ಹಿಂದೆ ನಿಂತಿರುತ್ತಿದ್ದಳು. ಬಂದ ಸದ್ದೇ ಇರುತ್ತಿರಲಿಲ್ಲ. ಒಂದು ದಿನ ಮೈದಾನದಲ್ಲಿ ಓಡಿಸಿ ನೋಡಿದೆ. ಸಣ್ಣ ಸಣ್ಣ ಹೆಜ್ಜೆ, ನೆಟ್ಟಗಿನ ಬೆನ್ನು, ಪಾದದ ಮುಂಭಾಗ ಮೊದಲು ನೆಲ ಮುಟ್ಟುತ್ತಿತ್ತು.

"ಹಿಮ್ಮಡಿ ಊರೋದೇ ಇಲ್ವಲ್ಲೇ ನೀನು?" ಅಂದೆ.

"ಇಮ್ಮಡಿ ಊರುದ್ರೆ ಮುಳ್ಳು ಆಳುಕ್ಕೋಯ್ತದೆ ಟೀಚರಮ್ಮ. ಮುಂಗಾಲ್ ಮಡುಗುದ್ರೆ ಚುಚ್ಚುತ್ಲೂವೆ ಎತ್ಕಬೋದು."

ನಾನು ಅವಳ ಹಾಗೆ ಓಡಲು ಶುರುಮಾಡಿದೆ. ಮದ್ರಾಸಿನಲ್ಲಿ ಕಲಿತದ್ದನ್ನು ಕಾಲು ಮರೆಯಲು ಒಂದು ತಿಂಗಳು ಹಿಡಿಯಿತು. ಎಲುಬಿನ ನೋವು ಯಾವತ್ತು ಹೋಯಿತೆಂದು ನನಗೆ ಗೊತ್ತಿಲ್ಲ. ಒಂದು ಬೆಳಿಗ್ಗೆ ಎದ್ದು ನೀರು ಕಾಯಿಸಿ, ಸ್ನಾನ ಮಾಡಿ, ಶಾಲೆಗೆ ಬಂದು, ಮಧ್ಯಾಹ್ನ ಊಟಕ್ಕೆ ಕೂತಾಗ ನೆನಪಾಯಿತು: ಇವತ್ತು ಕಾಲು ನೋಯಲೇ ಇಲ್ಲವಲ್ಲ!

ಇದಾದ ಮೇಲೆ ಹುಡುಗಿಯರನ್ನು ಓಡಿಸದೆ ಇರಲು ನನ್ನಿಂದಾಗಲಿಲ್ಲ. ಸುಂದರಮ್ಮನವರಿಗೆ 'ಬೆಳಗಿನ ಗಾಳಿ ಸೇವನೆ' ಎಂದು ಹೇಳಿ ಒಪ್ಪಿಸಿ, ಬಂದಷ್ಟು ಹುಡುಗಿಯರನ್ನು ಆರು ಗಂಟೆಗೆ ಏರಿಗೆ ಕರೆದುಕೊಂಡು ಹೋಗತೊಡಗಿದೆ. ಉಸಿರು ಹೀಗೆ ಎಳೆಯಿರಿ, ತೋಳು ಹಾಗೆ ಬೀಸಿರಿ ಎಂದು ನಾನು ಏನನ್ನೂ ಹೇಳಲಿಲ್ಲ. ಒಂದು ಆಟ ಕಟ್ಟಿದೆ. ಒಬ್ಬಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಿಲ್ಲಬೇಕು, ಉಳಿದವರು ದೂರದಿಂದ ಒಬ್ಬೊಬ್ಬರಾಗಿ ಓಡಿ ಬಂದು ಅವಳ ಬೆನ್ನು ಮುಟ್ಟಬೇಕು, ಕಾಲಗೆಜ್ಜೆಯ ಸದ್ದು ಅವಳಿಗೆ ಕೇಳಬಾರದು. ಧಪಧಪ ಎಂದು ಬಂದವಳು ಸಿಕ್ಕಿಬೀಳುತ್ತಿದ್ದಳು. ಎರಡು ವಾರದಲ್ಲಿ ಹುಡುಗಿಯರೆಲ್ಲ ಬೆಕ್ಕಿನ ಹಾಗೆ ಓಡುತ್ತಿದ್ದರು. ಇವತ್ತಿಗೂ ಓಟ ಕಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಗೆಜ್ಜೆಯಿಲ್ಲದಿದ್ದರೆ ಒಂದು ದಾರಕ್ಕೆ ಎರಡು ಗುಂಡಿ ಕಟ್ಟಿಕೊಳ್ಳಿ.

ನಾನು ಡಾಕ್ಟರಲ್ಲ, ಕಂಡದ್ದನ್ನಷ್ಟೇ ಹೇಳುತ್ತೇನೆ. ಬಗ್ಗಿ ನಡೆಯುತ್ತಿದ್ದವರ ಬೆನ್ನು ನೆಟ್ಟಗಾಯಿತು. ಚಪ್ಪಟೆಯಾಗಿದ್ದ ಪಾದಗಳಲ್ಲಿ ಸಣ್ಣ ಕಮಾನು ಎದ್ದಿತು. ದೊಡ್ಡ ಹುಡುಗಿಯರು, ತಿಂಗಳ ಹೊಟ್ಟೆನೋವಿಗೆ ಮೂಲೆಯಲ್ಲಿ ಮುದುಡಿ ಕೂರುತ್ತಿದ್ದವರು, ಈಗ ಅಷ್ಟಿಲ್ಲ ಟೀಚರಮ್ಮ ಎಂದು ಕಿವಿಯಲ್ಲಿ ಹೇಳಿದರು. ಹಾಜರಿ ಕೂಗಿದರೆ ಬಾಯಿ ಬಿಡಲು ನಾಚುತ್ತಿದ್ದವರು ಏರಿಯ ಮೇಲೆ ಕೆರೆಯ ಕೊಕ್ಕರೆಗಳೆಲ್ಲ ಎದ್ದು ಹಾರುವ ಹಾಗೆ ಕೂಗುತ್ತಿದ್ದರು. ನನ್ನ ವಿಷಯವನ್ನೂ ಹೇಳಬೇಕು. ಒಂಟಿ ಹೆಂಗಸಾಗಿ ಪರವೂರಿನಲ್ಲಿದ್ದ ನನಗೆ ಬಜಾರಿನ ಕಣ್ಣುಗಳು ಭಾರವೆನಿಸುತ್ತಿದ್ದವು. ಬೆಳಿಗ್ಗೆ ಓಡಿ ಬಂದ ದಿನ ಆ ಭಾರ ಇರುತ್ತಿರಲಿಲ್ಲ. ನೆಲವನ್ನು ಬರಿಗಾಲಲ್ಲಿ ಮುಟ್ಟಿ ಮುಟ್ಟಿ ಆ ಊರು ನನ್ನದೇ ಆಗಿಬಿಟ್ಟಿತ್ತು.

ಅಮ್ಮಂದಿರು ಬಂದು ಸುಂದರಮ್ಮನವರ ಮುಂದೆ ನಿಂತದ್ದೂ ಉಂಟು. ಒಬ್ಬಾಕೆಯ ದೂರು ನನಗಿನ್ನೂ ನೆನಪಿದೆ. "ದೊಡ್ ಟೀಚರಮ್ಮ, ಒಂದ್ ಮುದ್ದೆ ಉಣ್ತಿದ್ದೋಳು ಈಗ ಎಲ್ಡ್ ಉಂಡು ಇನ್ನೂ ತಟ್ಟೆ ನೋಡ್ತಾಳೆ. ಇದೇನ್ ಓದು ಅಂತ ಕಲಿಸ್ತೀರಿ?" ಸುಂದರಮ್ಮನವರು ಆಕೆಯನ್ನು ಕಳಿಸಿ ನನ್ನನ್ನು ಕರೆದು, "ಗಾಳಿ ಸೇವನೆಗೆ ಇಷ್ಟು ಹಸಿವಾಗುತ್ತಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಅದಕ್ಕಿಂತ ಹೆಚ್ಚು ಕೇಳಲಿಲ್ಲ.

ಎಚ್ಚರಿಕೆಯ ಮಾತನ್ನೂ ಹೇಳಿಬಿಡುತ್ತೇನೆ. ನೆಗ್ಗಿಲ ಮುಳ್ಳು ಎಲ್ಲಿದೆ ಎಂದು ಮೊದಲು ನೀವು ನಡೆದು ನೋಡಿ, ಆಮೇಲೆ ಮಕ್ಕಳನ್ನು ಬಿಡಿ. ಗಾಜಿನ ಚೂರಿರುವ ಊರಬಾಗಿಲು, ಸಂಡಾಸಿನ ಬಯಲು, ಮಟಮಟ ಮಧ್ಯಾಹ್ನದ ನೆಲ ಬೇಡ. ಓಡಿ ಬಂದ ಮೇಲೆ ಕಾಲು ತೊಳೆಸಿ, ಬೆರಳ ಸಂದು ಒರೆಸಿ, ಹಿಮ್ಮಡಿಗೆ ಹರಳೆಣ್ಣೆ ಹಚ್ಚಿಸಿ. ಮುಳ್ಳು ಮುರಿದು ಒಳಗೆ ಉಳಿದರೆ ಆಸ್ಪತ್ರೆಗೆ ಕಳಿಸಿ, ನೀವೇ ಕೆದಕಿ ಧೈರ್ಯ ತೋರಿಸಬೇಡಿ.

ಎರಡನೆಯ ವರ್ಷ ಸುಗ್ಗಿಯ ರಜ ಮುಗಿದರೂ ಮಾದೇವಿ ಬರಲಿಲ್ಲ. ಅವಳ ಸೋದರತ್ತೆಯನ್ನು ವಿಚಾರಿಸಿದೆ. "ಅವ್ಳಪ್ಪ ಬುಡಿಸ್ಬುಟ್ಟ ಕಣ್ರಮ್ಮ. ಊರೋರೆಲ್ಲ ಆಡ್ಕತಾವ್ರಂತೆ," ಅಂದಳು. ಅವಳನ್ನು ಓಡಿಸಿದವಳು ನಾನು. ಓಟದಿಂದ ಅವಳ ಓದು ನಿಂತರೆ ಆ ಮಗುವಿಗೆ ನಾನು ಕೊಟ್ಟದ್ದಾದರೂ ಏನು?

ಭಾನುವಾರ ಹನೂರಿನ ಬಸ್ಸು ಹತ್ತಿದೆ, ಅಲ್ಲಿಂದ ಒಂದು ಗಾಡಿ ಸಿಕ್ಕಿತು. ಅಜ್ಜೀಪುರದ ಆ ಮನೆಯ ಮುಂದೆ ಮಾದೇವಿಯ ಅಪ್ಪ ಪುಟ್ಟಬಸಪ್ಪ ಎತ್ತುಗಳ ಮೈ ತಿಕ್ಕುತ್ತಿದ್ದರು. ಹಣೆ ತುಂಬ ವಿಭೂತಿ, ದೊಡ್ಡ ಮೀಸೆ. ಹೆಂಡತಿಗೆ ಹೇಳಿ ಮಜ್ಜಿಗೆ ಕೊಡಿಸಿದರು, ಜಗಲಿಯ ಮೇಲೆ ಚಾಪೆ ಹಾಸಿದರು, ಆದರೆ ಮಾತು ಗಟ್ಟಿಯಾಗಿಯೇ ಇತ್ತು.

"ಓದ್ಸಿ ಅಂತ ಕಳ್ಸುದ್ರೆ ಓಡ್ಸ್ತಾವ್ರೆ ಅಂತ ಊರೆಲ್ಲ ನಗ್ತದೆ ಕಣವ್ವ. ಎಣ್ಣೈಕ ಅಂದ್ಮೇಲೆ ಮೆಲ್ಗೆ ನಡೀಬೇಕು. ನಾಳೆ ಇವ್ಳ ಯಾರು ತಕಂಡೋದರು?"

ಮಾದೇವಿ ಬಾಗಿಲ ಹಿಂದೆ ನಿಂತಿದ್ದಳು. ಅವಳ ಲಂಗದ ಅಂಚು ಮಾತ್ರ ಕಾಣುತ್ತಿತ್ತು. ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಮಾತೆಲ್ಲ ನನಗೆ ಮರೆತುಹೋಯಿತು.

"ಅವಳು ಓಡೋದನ್ನ ನೀವು ನೋಡಿದ್ದೀರಾ?" ಅಂದೆ.

"ಅದೇನ್ ನೋಡನೆ?"

"ಒಂದೇ ಒಂದು ಸಲ ನೋಡಿ. ಆಮೇಲೂ ಬೇಡ ಅಂದರೆ ನಾನು ಸುಮ್ಮನೆ ಹೋಗ್ತೀನಿ."

ಹೀಗೆ ಹೇಳಿದ ಮೇಲೆ ನನಗೇ ಭಯವಾಯಿತು. ಬೇಡ ಎಂದುಬಿಟ್ಟರೆ ಇನ್ನು ಹೇಳಲು ಏನೂ ಉಳಿದಿರಲಿಲ್ಲ. ಪುಟ್ಟಬಸಪ್ಪನವರು ಮೀಸೆ ನೇವರಿಸಿಕೊಂಡರು. ಆಮೇಲೆ ಬಾಗಿಲ ಕಡೆ ತಿರುಗಿ, "ಬಾಮ್ಮಿ ಈಚ್ಗೆ. ಆ ಉಣ್ಸೆಮರ ಮುಟ್ಬುಟ್ಟು ಬಾ," ಅಂದರು.

ರಾಗಿ ಕೊಯ್ದ ಹೊಲ, ಕೂಳೆ ಚುಚ್ಚುವ ನೆಲ. ಮಾದೇವಿ ಲಂಗ ಎತ್ತಿ ಸಿಕ್ಕಿಸಿಕೊಂಡು ಓಡಿದಳು. ಕೂಳೆಯ ಸಾಲುಗಳ ನಡುವೆ ಅವಳ ಕಾಲು ತಾನೇ ಜಾಗ ಹುಡುಕಿಕೊಂಡು ಬೀಳುತ್ತಿತ್ತು. ಮರ ಮುಟ್ಟಿ ತಿರುಗಿ ಬರುವಾಗ ಅವಳ ಮುಖ ಅರಳಿತ್ತು. ಅಪ್ಪನಿಗೆ ಹೆದರಿಕೊಂಡು ನಿಂತಿದ್ದ ಹುಡುಗಿ ಅವಳೇನಾ ಅನ್ನಿಸಿತು. ಪುಟ್ಟಬಸಪ್ಪನವರು ಎದ್ದು ನಿಂತಿದ್ದರು. ಅವಳು ಬಂದು ನಿಂತೊಡನೆ ಕುಕ್ಕರುಗಾಲಲ್ಲಿ ಕೂತು, ಎತ್ತಿನ ಗೊರಸು ನೋಡುವ ಹಾಗೆ ಅವಳ ಒಂದು ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಅಂಗಾಲನ್ನು ಹೆಬ್ಬೆರಳಿನಲ್ಲಿ ಒತ್ತಿದರು.

"ನೋಯ್ತದಾ?"

"ಇಲ್ಲ ಕಣಪ್ಪೋ."

ಅವರು ಹೆಂಡತಿಯ ಕಡೆ ತಿರುಗಿದರು. "ನೋಡ್ದಾ ಇವ್ಳು ಕಾಲ್ ಮಡುಗುದ್ದ? ನಮ್ ದೊಡ್ಡೆತ್ತೂ ಇಂಗೇ ಕಣಮ್ಮಿ ಮಡುಗೋದು. ಅದ್ಕೇಯ ಅದಕ್ಕೆ ದಣಿವಿಲ್ಲ." ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ಎತ್ತಿನ ಬಗ್ಗೆಯೋ ಮಗಳ ಬಗ್ಗೆಯೋ, ನಾನು ಕೇಳಲು ಹೋಗಲಿಲ್ಲ. "ಸೋಮಾರ ನಾನೇ ಗಾಡೀಲಿ ತಂದ್ ಬುಡ್ತೀನಿ ಟೀಚರಮ್ಮ. ಊರೋರ್ಗೆ ನಾನ್ ಏಳ್ಕತೀನಿ," ಅಂದರು.

ಮಾದೇವಿ ಮುಂದೆ ಓದಿ ಹನೂರಿನ ಸುತ್ತ ಸೂಲಗಿತ್ತಿ ನರ್ಸಮ್ಮನಾಗಿ ಕೆಲಸ ಮಾಡಿದಳು. ಶಾಗ್ಯದ ಕಡೆಯ ಹಳ್ಳಿಗಳಲ್ಲಿ, ಕರೆಯಲು ಬಂದವನ ಸೈಕಲ್ಲಿಗಿಂತ ಮೊದಲು ಕಾಲುದಾರಿಯಲ್ಲಿ ಹೆರಿಗೆಯ ಮನೆ ಸೇರುತ್ತಿದ್ದಳು ಎಂದು ಜನ ಹೇಳುತ್ತಿದ್ದರು. ಸೈಕಲ್ಲಿನ ಮಾತು ಎಷ್ಟು ನಿಜವೋ ಕಾಣೆ. ಅವಳ ಕಾಲು ನೋಡಿದ್ದ ನನಗೆ ನಂಬಲು ಕಷ್ಟವಾಗಲಿಲ್ಲ.

ಈಗ ಯಳಂದೂರಿನ ಕಥೆ. ಮಾದೇವಿ ಶಾಲೆಗೆ ಮರಳಿದ ವರ್ಷವೇ ಕೊಯಮತ್ತೂರಿನಿಂದ ಒಬ್ಬರು ಇನ್ಸ್‌ಪೆಕ್ಟ್ರೆಸ್ ಶಾಲೆ ನೋಡಲು ಬಂದರು. ಒಳ್ಳೆಯ ಹೆಂಗಸೇ, ಆದರೆ ಬರಿಗಾಲಿನ ಸಾಲನ್ನು ನೋಡಿ, "ಶೂ ಎಂಗೆ?", ಬೂಟೆಲ್ಲಿ, ಎಂದು ತಮಿಳಿನಲ್ಲಿ ಕೇಳಿದರು. ಬೂಟಿಲ್ಲದೆ ಪರಸ್ಥಳದಲ್ಲಿ ಓಡಿಸಬಾರದು ಎಂದು ಹೇಳಿ ಹೋದರು. ಅವರು ಹೋದ ವಾರವೇ ಯಳಂದೂರಿನ ಶಾಲೆಯಿಂದ ಕರೆ ಬಂತು: ನಮ್ಮಲ್ಲಿ ಹುಡುಗಿಯರ ಓಟದ ಪಂದ್ಯವಿದೆ, ನಿಮ್ಮ ಹುಡುಗಿಯರನ್ನೂ ಕರೆದುಕೊಂಡು ಬನ್ನಿ.

ನನ್ನ ಆಶ್ಚರ್ಯಕ್ಕೆ ಸುಂದರಮ್ಮನವರು ಹೋಗುವುದು ಬೇಡ ಅನ್ನಲಿಲ್ಲ, ಆದರೆ ಅವರಿಗೆ ಮೇಲಿನವರ ಮಾತೆಂದರೆ ಮುಗಿಯಿತು. "ಮೈಸೂರು ಸೀಮೆಗೆ ಹೋಗಿ ಬರಿಗಾಲಲ್ಲಿ ನಿಂತರೆ ನಮ್ಮ ಮರ್ಯಾದೆ ಏನಾಗಬೇಕು?" ಎಂದು ಊರಿನ ಒಬ್ಬ ಜವಳಿ ಸಾಹುಕಾರರನ್ನು ಬೂಟು ಕೊಡಿಸಲು ಕೇಳಿದರು. ಅವರು ಎಲ್ಲಿಂದಲೋ ಒಂದು ಮೂಟೆ ಬೂಟು ತರಿಸಿಕೊಟ್ಟರು. ಮೂಟೆ ಬಿಚ್ಚಿ ನೋಡಿದರೆ ಎಲ್ಲವೂ ಒಂದೇ ಅಳತೆ, ದೊಡ್ಡ ಹುಡುಗರದು. ಹುಡುಗಿಯರು ಹಳೇ ಬಟ್ಟೆ ತುರುಕಿ, ಹಗ್ಗ ಬಿಗಿದು ಹಾಕಿಕೊಂಡರು. ಬಾತುಕೋಳಿಗಳ ಹಾಗೆ ಓಡಿದರು. ಮೂರನೆಯ ದಿನಕ್ಕೆ ಹಿಮ್ಮಡಿಯಲ್ಲೆಲ್ಲ ಬೊಬ್ಬೆ. ನಾನು ಎಷ್ಟು ಹೇಳಿದರೂ ಸುಂದರಮ್ಮನವರು ಕೇಳಲಿಲ್ಲ. "ಹಾಕಿಕೊಂಡೇ ಬರಲಿ. ನಾನೂ ಜೊತೆಗೆ ಬರ್ತೀನಿ," ಅಂದರು. ನಾನು ದಾರಿಯಲ್ಲಿ ಏನಾದರೂ ಕಿತಾಪತಿ ಮಾಡುತ್ತೇನೆಂದು ಅವರಿಗೆ ಅನುಮಾನ.

ಆಗ ಬಸ್ಸು ಓಡುತ್ತಿದ್ದದ್ದು ಇದ್ದಿಲ ಗ್ಯಾಸಿನಲ್ಲಿ. ಹಿಂದುಗಡೆ ಒಂದು ಒಲೆ, ಅದಕ್ಕೆ ಇದ್ದಿಲು ತುಂಬಿ ಗಾಳಿ ತಿರುಗಿಸಬೇಕು. ಬೆಳಿಗ್ಗೆ ಹೊರಟ ನಮ್ಮ ಬಸ್ಸು ಅರ್ಧ ದಾರಿಯೂ ಹೋಗಿರಲಿಲ್ಲ, ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಡ್ರೈವರು ಇಳಿದು, ಒಲೆ ಕೆದಕಿ, ತಲೆ ಕೆರೆದುಕೊಂಡು ಬಂದ.

"ಇವತ್ತು ಇದು ಮ್ಯಾಕೇಳಾಕಿಲ್ಲ ಕಣ್ರಮ್ಮ. ಸಾಮಾನು ಬರ್ಬೇಕು. ಸಾಯಂಕಾಲ ಆಯ್ತದೆ."

ಪಂದ್ಯ ಹನ್ನೊಂದಕ್ಕೆ. ಸುಂದರಮ್ಮನವರು ಬಸ್ಸಿನ ನೆರಳಲ್ಲಿ ನಿಂತು, "ಏನು ಮಾಡೋಕಾಗುತ್ತೆ? ವಾಪಸ್ ಹೋಗೋಣ," ಅಂದರು. ಹದಿನೈದು ಹುಡುಗಿಯರ ಮುಖ ಒಟ್ಟಿಗೇ ಇಳಿದುಹೋಯಿತು. ಕೆಲವರಿಗೆ ಕಣ್ಣಲ್ಲಿ ನೀರು. ಅವರಲ್ಲಿ ಎಷ್ಟೋ ಮಂದಿ ಕೊಳ್ಳೇಗಾಲ ಬಿಟ್ಟು ಎಲ್ಲಿಗೂ ಹೋದವರಲ್ಲ. ಆಗ ಮಾದೇವಿ ಮುಂದೆ ಬಂದಳು.

"ನಡ್ಕಂಡೇ ಓಗನ ದೊಡ್ ಟೀಚರಮ್ಮ. ಬಸ್ ತಪ್ಪೋದ್ರೆ ನಾವು ನಮ್ಮೂರಿಂದ ಅನೂರ್ಗೆ ನಡಿಯಲ್ವಾ?"

ಗದರಿಸುತ್ತಾರೆ ಅಂದುಕೊಂಡೆ. ಸುಂದರಮ್ಮನವರು ಬಂದ ದಾರಿಯನ್ನು ಒಮ್ಮೆ, ಹೋಗಬೇಕಾದ ದಾರಿಯನ್ನು ಒಮ್ಮೆ ನೋಡಿದರು. "ಬರ್ತೀವಿ ಅಂತ ಹೇಳಿ ಕಳಿಸಿದ್ದೀವಿ," ಎಂದು ತಮಗೇ ಹೇಳಿಕೊಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಯಳಂದೂರಿನ ಕಡೆ ಹೆಜ್ಜೆ ಹಾಕಿಯೇಬಿಟ್ಟರು.

ಸ್ವಲ್ಪ ದೂರ ಹೋಗುವುದರೊಳಗೆ ಹುಡುಗಿಯರು ಕುಂಟತೊಡಗಿದರು. ಬೊಬ್ಬೆ ಒಡೆದಿದ್ದವು. ನಾನು ಸುಂದರಮ್ಮನವರ ಮುಖ ನೋಡಿದೆ. ಅವರು ಪಕ್ಕದ ಹಿಪ್ಪುನೇರಳೆ ತೋಟದ ಕಡೆ ತಿರುಗಿ, "ಸೊಪ್ಪು ಚೆನ್ನಾಗಿ ಬಂದಿದೆ ಅಲ್ಲವಾ?" ಅಂದರು. ನನಗೆ ಅಷ್ಟು ಸಾಕಾಗಿತ್ತು. ಬೂಟುಗಳು ಕೈಗೆ ಬಂದವು. ಮುಂದಿನ ಮರದವರೆಗೆ ಓಟ, ಅಲ್ಲಿಂದ ಅದರ ಮುಂದಿನ ಮರದವರೆಗೆ ನಡಿಗೆ ಎಂದು ಹೇಳಿದೆ. ರಸ್ತೆಯ ಅಂಚಿನ ಮೆತ್ತನೆ ದೂಳಿನಲ್ಲಿ ಹುಡುಗಿಯರು ಹಾಡುತ್ತ ಹೊರಟರು.

ಸುಂದರಮ್ಮನವರು ಹಿಂದೆ ಬಿದ್ದರು. ಅವರ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು. ಸ್ವಲ್ಪ ದೂರ ಎಳೆದುಕೊಂಡು ನಡೆದರು, ಆಮೇಲೆ ಎರಡೂ ಚಪ್ಪಲಿಯನ್ನು ಕೈಗೆತ್ತಿಕೊಂಡರು. ಒಂದು ಇಳಿಜಾರು ಬಂತು. ನಾನು ಹಿಂತಿರುಗಿ ನೋಡುತ್ತೇನೆ, ಹೆಡ್‌ಮಿಸ್ಟ್ರೆಸ್ ಸುಂದರಮ್ಮನವರು ಓಡಿ ಬರುತ್ತಿದ್ದಾರೆ! ಮೊದಲು ಇಳಿಜಾರು ತಳ್ಳಿದ್ದಕ್ಕೆ ಓಡಿದರೋ ಏನೋ. ಇಳಿಜಾರು ಮುಗಿದು ಸಮನೆಲ ಬಂದರೂ ಅವರು ನಿಲ್ಲಲಿಲ್ಲ. ಹುಡುಗಿಯರು ಹಾಡು ನಿಲ್ಲಿಸಿ ಬಾಯಿಬಿಟ್ಟುಕೊಂಡು ನೋಡಿದರು, ಆಮೇಲೆ ಹೋ ಎಂದು ಕೂಗಿ ಅವರ ಸುತ್ತ ಸೇರಿಕೊಂಡು ಓಡಿದರು.

ಗಡಿಯಲ್ಲಿ ಅಕ್ಕಿ ರಾಗಿ ದಾಟದ ಹಾಗೆ ಕಾಯಲು ಯುದ್ಧದ ಕಾಲದಲ್ಲಿ ಒಂದು ಚೌಕಿ ಹಾಕಿದ್ದರು. ಕೈಯಲ್ಲಿ ಬೂಟು ಹಿಡಿದು ಓಡಿ ಬರುವ ನಮ್ಮ ದಂಡನ್ನು ನೋಡಿ ಪೇದೆ ಗಾಬರಿಯಾಗಿ ರಸ್ತೆಗೇ ಬಂದ.

"ಏನ್ರಮ್ಮ, ಯಾರಾರ ಅಟ್ಟುಸ್ಕ ಬತ್ತಾವ್ರಾ?"

"ಯಾರೂ ಇಲ್ಲಪ್ಪ. ಓಟದ ಪಂದ್ಯಕ್ಕೆ ಹೋಗ್ತಿದ್ದೀವಿ," ಅಂದರು ಸುಂದರಮ್ಮನವರು, ಏದುಸಿರು ಬಿಡುತ್ತ.

"ಪಂದ್ಯ ಎಲ್ಲಿ?"

"ಯಳಂದೂರಲ್ಲಿ."

ಅವನು ನಮ್ಮನ್ನೂ ಮುಂದಿನ ದಾರಿಯನ್ನೂ ನೋಡಿದ. "ಮತ್ತೆ ಇಲ್ಲಿಂದ್ಲೇ ಸುರು ಅಚ್ಕಬುಟ್ಟಿದ್ದೀರಲ್ಲ!"

ಸುಂದರಮ್ಮನವರು ನಕ್ಕರು. ಎರಡು ವರ್ಷದಲ್ಲಿ ನಾನು ಆ ನಗುವನ್ನು ಮೊದಲ ಸಲ ಕೇಳಿದೆ. ಹೊಟ್ಟೆ ಹಿಡಿದುಕೊಂಡು, ಚಪ್ಪಲಿ ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡು ನಕ್ಕರು. ಪೇದೆ ನಮ್ಮ ಬುತ್ತಿಯ ಗಂಟನ್ನೂ ಬಿಚ್ಚಿಸಲಿಲ್ಲ. ಒಂದು ಕೊಡ ನೀರು ತಂದು ಎಲ್ಲರಿಗೂ ಹುಯ್ದ.

ಯಳಂದೂರು ಮುಟ್ಟುವಾಗ ಪಂದ್ಯಗಳು ಶುರುವಾಗಿ ಬಹಳ ಹೊತ್ತಾಗಿತ್ತು. ಅಲ್ಲಿನ ಡ್ರಿಲ್ ಮೇಷ್ಟರು ಪೇಟ ಕಟ್ಟಿದ ಹಿರಿಯರು. ನಾವು ಬಂದ ಬಗೆ ಕೇಳಿ ಕೊನೆಯ ರಿಲೇ ಓಟವನ್ನು ನಮಗಾಗಿ ತಡೆದರು. ನಮ್ಮವರಿಗೆ ಮಜ್ಜಿಗೆ ಕುಡಿಸಿ, ಕಾಲು ತೊಳೆಯಲು ನೀರು ಕೊಟ್ಟು, ನೆರಳಲ್ಲಿ ಕೂರಿಸಿದರು. ಅವರ ಹುಡುಗಿಯರು ಬೆಳ್ಳಗಿನ ಬೂಟು ಹಾಕಿಕೊಂಡು ಸಾಲಾಗಿ ನಿಂತಿದ್ದರು. ನಾನು ಸುಂದರಮ್ಮನವರ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, "ಬೂಟು ಹಾಕಿಸಲಾ ಅಮ್ಮ?"

"ಕೊಯಮತ್ತೂರಿನವರು ಕೇಳಿದರೆ ನಾನು ಉತ್ತರ ಕೊಡ್ತೀನಿ," ಅಂದರು. "ಬೂಟು ಇಲ್ಲೇ ನನ್ನ ಹತ್ತಿರ ಇರಲಿ."

ನಮ್ಮ ನಾಲ್ವರು ಬರಿಗಾಲಲ್ಲಿ ನಿಂತರು. ಅದನ್ನು ನೋಡಿ ಯಳಂದೂರಿನ ಹುಡುಗಿಯೊಬ್ಬಳು ತನ್ನ ಮೇಷ್ಟರ ಕಡೆ ಒಮ್ಮೆ ನೋಡಿ, ಬಗ್ಗಿ ಬೂಟಿನ ದಾರ ಬಿಚ್ಚಿದಳು. ಅವಳ ಹಿಂದೆ ಉಳಿದವರೂ ಬಿಚ್ಚಿದರು. ಗೆರೆಯ ಪಕ್ಕ ಬೂಟುಗಳ ಗುಡ್ಡೆಯಾಯಿತು. ಮೇಷ್ಟರು ಅದನ್ನೊಮ್ಮೆ ನೋಡಿ ವಿಶಲ್ ಊದಿಬಿಟ್ಟರು.

ನಾವು ಸೋತೆವು. ಕೊನೆಯ ಸುತ್ತಿನಲ್ಲಿ ಮಾದೇವಿ ಎಷ್ಟೋ ಹಿಂದಿನಿಂದ ಹಿಡಿದುಕೊಂಡು ಬಂದಳು, ಆದರೂ ಒಂದು ಗೇಣು ಸಾಲದೆ ಹೋಯಿತು. ಓಟ ಮುಗಿದೊಡನೆ ಎರಡೂ ಊರಿನ ಹುಡುಗಿಯರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕ ರೀತಿ ನೋಡಿದರೆ ದೂರದವರಿಗೆ ಯಾರು ಗೆದ್ದರೆಂದು ತಿಳಿಯುತ್ತಿರಲಿಲ್ಲ. ನಮ್ಮ ಬುತ್ತಿಯ ಚಿತ್ರಾನ್ನವನ್ನು ಅವರು ತಿಂದರು, ಅವರ ಪುಳಿಯೋಗರೆಯನ್ನು ನಾವು ತಿಂದೆವು.

ಸಾಯಂಕಾಲ ಅದೇ ಬಸ್ಸು ಹೇಗೋ ಬಂದು ನಮ್ಮನ್ನು ಹತ್ತಿಸಿಕೊಂಡಿತು. ಹುಡುಗಿಯರು ಕೂತಲ್ಲೇ ನಿದ್ದೆಹೋದರು. ಸುಂದರಮ್ಮನವರು ಕಿಟಕಿಯ ಪಕ್ಕ ಕೂತಿದ್ದರು. ಕೊಳ್ಳೇಗಾಲ ಹತ್ತಿರವಾಗುವಾಗ ನನ್ನ ಕಡೆ ಬಗ್ಗಿದರು.

"ನಾಳೆ ಗಾಳಿ ಸೇವನೆ ಎಷ್ಟು ಗಂಟೆಗೆ?"

"ಆರಕ್ಕೆ ಅಮ್ಮ. ಆದರೆ ನಾಳೆ ಹುಡುಗಿಯರಿಗೆ ರಜ ಕೊಡೋಣ ಅಂತಿದ್ದೆ."

"ಅವರಿಗೆ ಕೊಡಿ. ನಾನು ಬರ್ತೀನಿ."

ಮಾರನೆಯ ದಿನ ನಾನು ಏರಿಗೆ ಹೋಗುವ ಮೊದಲೇ ಅವರು ಬಂದಿದ್ದರು, ಕಚ್ಚೆ ಹಾಕಿದ ಬಿಳೀ ಸೀರೆಯಲ್ಲಿ, ಬರಿಗಾಲಲ್ಲಿ. ಬೇಡವೆಂದಿದ್ದರೂ ಹುಡುಗಿಯರಲ್ಲಿ ಅರ್ಧ ಮಂದಿ ಬಂದಿದ್ದರು. ನಿಧಾನವಾಗಿ ಹೋಗಿ ಎಂದು ನಾನು ಹೇಳುತ್ತಿದ್ದ ಹಾಗೆಯೇ ಸುಂದರಮ್ಮನವರು ಓಡಿ ಅರಳಿಮರದವರೆಗೆ ಹೋಗಿ, ಮರಕ್ಕೆ ಕೈಕೊಟ್ಟು ನಿಂತರು. ನಾನು ಹೆದರಿ ಹತ್ತಿರ ಹೋದೆ. ಉಸಿರಿಗೆ ಒದ್ದಾಡುತ್ತಿದ್ದರು, ಮುಖ ಮಾತ್ರ ಹುಡುಗಿಯದಾಗಿತ್ತು.

"ನನಗೆ ಒಂಬತ್ತು ವರ್ಷಕ್ಕೆ ಮದುವೆ ಮಾಡಿದರು," ಅಂದರು. "ಆವತ್ತು ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಓಡಿದ್ದೇ ಕೊನೆ. ಆಮೇಲೆ ಓಡಬೇಡ ಅಂತ ಅಮ್ಮ ಹೇಳಿದರು, ಅತ್ತೆ ಹೇಳಿದರು, ಅಣ್ಣ ಹೇಳಿದ. ಕಡೆಗೆ ನಾನೂ ನಿಮಗೆಲ್ಲ ಅದನ್ನೇ ಹೇಳ್ತಾ ಕೂತೆ."

ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ಕಾಲಿಗೆ ಅಂಟಿದ ಮಣ್ಣನ್ನು ಹುಲ್ಲಿಗೆ ತಿಕ್ಕಿ, ಹುಡುಗಿಯರ ಸಾಲಿಗೆ ಹೋಗಿ ನಿಂತರು.

"ಏನು ನೋಡ್ತಾ ನಿಂತಿರಿ ಟೀಚರಮ್ಮ? ವಿಶಲ್ ಊದಿ."

ನಾನು ಊದಿದೆ.